ಮೆಡಿಕಲ್ ಹಾಸ್ಟೆಲಿನ ಸಾವಿನ ಆಟ: ಕಥೆಗೆ ಭಯ ಎಲ್ಲಿಂದ ತರೋದು?

ಪ್ರಶ್ನೆ: ಸರ್, ನಾನು ಗಂಗಾವತಿಯವನು. ಡಿಗ್ರಿ ಮುಗಿಸಿ ಕೊಪ್ಪಳದಲ್ಲಿ ಕೆಲಸಕ್ಕಿದ್ದೀನಿ. ಒಂದು ಹಾರರ್ ಥ್ರಿಲ್ಲರ್ ಕಾದಂಬರಿ ಬರೀತಿದ್ದೀನಿ. ಬಳ್ಳಾರಿಯ ಒಂದು ಮೆಡಿಕಲ್ ಕಾಲೇಜು, ಐದು ಜನ ವಿದ್ಯಾರ್ಥಿಗಳು. ರಾತ್ರಿ ಡಿಸೆಕ್ಷನ್ ಹಾಲ್‌ನಲ್ಲಿ, ಅಂದ್ರೆ ಹೆಣ ಕೊಯ್ದು ಪಾಠ ಕಲಿಯುವ ಜಾಗದಲ್ಲಿ, ಸೇರಿ ಒಬ್ಬರ ಹೃದಯ ಇನ್ನೊಬ್ಬರು ಔಷಧಿ ಕೊಟ್ಟು ನಿಲ್ಲಿಸ್ತಾರೆ. ನಾಲ್ಕು ನಿಮಿಷ ಆದ ಮೇಲೆ ಶಾಕ್ ಕೊಟ್ಟು ವಾಪಸ್ ಕರೀತಾರೆ. ಸಾವಿನ ಆಚೆ ಏನಿದೆ ಅಂತ ನೋಡಿ ಬರುವ ಆಟ. ಪ್ರತಿ ರಾತ್ರಿ ಒಂದು ನಿಮಿಷ ಜಾಸ್ತಿ. ಮೂರನೆಯವನು ಏಳೋದೇ ಇಲ್ಲ. ಇದು ನಿಜಕ್ಕೂ ಸಾಧ್ಯವಾ? ಪೋಸ್ಟ್‌ಮಾರ್ಟಂನಲ್ಲಿ ಸಿಗದಂಥ ಔಷಧಿ ಯಾವುದು? ಡಿಸೆಕ್ಷನ್ ಹಾಲ್ ರಾತ್ರಿ ಹೇಗಿರುತ್ತೆ? ಇಷ್ಟು ಓದಿದ ಹುಡುಗರು ಇಂಥ ಆಟಕ್ಕೆ ಯಾಕೆ ಒಪ್ಪಿದರು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಲ್ಲೇ ನಿಮ್ಮ ಕಾದಂಬರಿ ಇದೆ. ಉಳಿದವಕ್ಕೂ ಉತ್ತರ ಹೇಳುತ್ತೇನೆ. ಯಾಕಂದ್ರೆ ವೈದ್ಯಕೀಯದ ವಿವರ ತಪ್ಪಿದರೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಮೊದಲ ಅಧ್ಯಾಯದಲ್ಲೇ ಪುಸ್ತಕ ಮುಚ್ಚಿಬಿಡುತ್ತಾಳೆ. ನಾನು ಈ ಭಾಗದಲ್ಲೇ ಓದಿ, ಇಲ್ಲೇ ಸುಮಾರು ಮೂವತ್ತು ವರ್ಷ ಫೊರೆನ್ಸಿಕ್ ಮೆಡಿಸಿನ್, ಅಂದರೆ ಪೋಸ್ಟ್‌ಮಾರ್ಟಂ ವಿದ್ಯೆ, ಪಾಠ ಮಾಡಿದವನು. ಹಾಸ್ಟೆಲೂ ಗೊತ್ತು, ಶವಾಗಾರವೂ ಗೊತ್ತು.

ಶಾಕ್‌ನಿಂದ ಶುರು ಮಾಡೋಣ. ಸಿನಿಮಾದಲ್ಲಿ ಮಾನಿಟರ್ ಮೇಲಿನ ಗೆರೆ ನೆಟ್ಟಗಾಗುತ್ತದೆ, ಟೂ ಅಂತ ಒಂದೇ ಸದ್ದು ಬರುತ್ತದೆ. ಡಾಕ್ಟರು ಇಸ್ತ್ರಿಪೆಟ್ಟಿಗೆಯಂಥ ಎರಡು ಹಿಡಿಗಳನ್ನು ಎದೆಗೆ ಒತ್ತುತ್ತಾರೆ. ಮೈ ಎಗರಿ ಬೀಳುತ್ತದೆ, ಗೆರೆ ಮತ್ತೆ ಕುಣಿಯುತ್ತದೆ. ಇದು ಆಗುವ ಮಾತಲ್ಲ. ಶಾಕ್ ಕೊಡೋದು ನಿಂತುಹೋದ ಹೃದಯಕ್ಕಲ್ಲ, ತಾಳ ತಪ್ಪಿ ಅದುರುತ್ತಿರುವ ಹೃದಯಕ್ಕೆ. ಅದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಅನ್ನುತ್ತೇವೆ. ಜಾತ್ರೆಯಲ್ಲಿ ಹತ್ತು ಡೊಳ್ಳು ಹತ್ತು ತಾಳ ಹೊಡೆಯುತ್ತಿವೆ ಅಂದುಕೊಳ್ಳಿ. ಸದ್ದು ಇದೆ, ಕುಣಿತ ಇಲ್ಲ. ಶಾಕ್ ಎಲ್ಲ ಡೊಳ್ಳನ್ನೂ ಒಮ್ಮೆಗೇ ನಿಲ್ಲಿಸುತ್ತದೆ. ಆಮೇಲೆ ಹೃದಯ ತನ್ನ ತಾಳ ತಾನೇ ಹಿಡಿಯಲಿ ಅಂತ ಕಾಯುತ್ತೇವೆ. ಗೆರೆ ನೆಟ್ಟಗಾಗಿದೆ ಅಂದರೆ ಅಲ್ಲಿ ಡೊಳ್ಳೇ ಇಲ್ಲ. ನಿಲ್ಲಿಸೋದು ಏನನ್ನ?

ಗೆರೆ ನೆಟ್ಟಗಾದ ಮೇಲೆ ಉಳಿಯುವುದು ಎದೆ ಒತ್ತುವುದು, ಉಸಿರು ತುಂಬುವುದು, ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಲಿನ್ ಕೊಡುವುದು. ಆಸ್ಪತ್ರೆಯೊಳಗೆ, ಎಲ್ಲ ಸಲಕರಣೆ ಇದ್ದೂ, ಇಂಥವರಲ್ಲಿ ಬದುಕಿ ಮನೆಗೆ ಹೋಗುವವರು ಕಮ್ಮಿ. ಅದುರುವ ಹೃದಯದ ವಿಷಯದಲ್ಲೂ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ.

ಎದೆ ಒತ್ತುವುದನ್ನು ನೀವು ಒಂದು ಸಲ ನೋಡಬೇಕು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಒಳಗೆ ಹೋಗುವಷ್ಟು ಜೋರಾಗಿ. ಎರಡು ನಿಮಿಷಕ್ಕೆ ಗಟ್ಟಿ ಹುಡುಗನ ತೋಳು ಸೋಲುತ್ತದೆ, ಇನ್ನೊಬ್ಬ ಕೈ ಹಚ್ಚಬೇಕು. ಅಂಗೈ ಕೆಳಗೆ ಪಕ್ಕೆಲುಬು ಲಟಕ್ ಅನ್ನುತ್ತದೆ. ಮೊದಲ ಸಲ ಅದು ಕೈಗೆ ತಾಗಿದ ಇಂಟರ್ನ್ ಮುಖ ಹೇಗಾಗುತ್ತದೆ ಅಂತ ನಾನು ಬಹಳ ಸಲ ಕಂಡಿದ್ದೇನೆ. ಒತ್ತುವುದನ್ನು ನಿಲ್ಲಿಸಿ ಹಿಂದೆ ತಿರುಗಿ ನೋಡುತ್ತಾನೆ, ತಾನೇನೋ ಮುರಿದೆ ಅಂತ. ಹಿಂದಿರುವ ಸಿಸ್ಟರ್ "ನಿಲ್ಲಿಸಬೇಡ್ರಿ ಡಾಕ್ಟ್ರೇ" ಅಂತ ಕೂಗುತ್ತಾರೆ. ನಿಮ್ಮ ಹುಡುಗರ ಹಿಂದೆ ಹಾಗೆ ಕೂಗುವ ಸಿಸ್ಟರ್ ಇಲ್ಲ. ಅದನ್ನು ಬರೆಯಿರಿ.

ಈಗ ನಾಲ್ಕು ನಿಮಿಷದ ಲೆಕ್ಕ. ಹೃದಯ ನಿಂತ ಹತ್ತು ಹದಿನೈದು ಸೆಕೆಂಡಿಗೆ ಎಚ್ಚರ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷದ ಹೊತ್ತಿಗೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಅಂದರೆ ನಿಮ್ಮ ಮೊದಲನೆಯವನೇ ಎದ್ದು ಕೂತು ಮಾತಾಡುವುದು ಅನುಮಾನ. ಆಟ ನಿಮಿಷದಲ್ಲಿ ಬೇಡ, ಸೆಕೆಂಡಿನಲ್ಲಿ ಇರಲಿ. ಸೆಕೆಂಡಾದರೆ ಅಪಾಯವಿಲ್ಲ ಅಂತಲ್ಲ. ನಿಂತದ್ದು ಮತ್ತೆ ಶುರುವಾಗುತ್ತದೆ ಅನ್ನುವ ಖಾತ್ರಿ ಯಾವ ಸೆಕೆಂಡಿಗೂ ಇಲ್ಲ. ಆದರೆ ಓದುಗರು ನಂಬುತ್ತಾರೆ.

ವಾಪಸ್ ಬಂದವನು ನಗುತ್ತ ಏಳುವುದಿಲ್ಲ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಗೊರಗೊರ ಅಂತ ಉಸಿರು ಎಳೆಯುತ್ತಾರೆ. ನೋಡಿದವರು ಬದುಕಿದ್ದಾನೆ ಅಂದುಕೊಳ್ಳುತ್ತಾರೆ. ಅದು ಉಸಿರಾಟ ಅಲ್ಲ. ಫಿಟ್ಸ್ ಬಂದ ಹಾಗೆ ಕೈಕಾಲು ಎಳೆಯಬಹುದು. ಉಚ್ಚೆ ಹೋಗಬಹುದು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಎಚ್ಚರ ಬಂದ ಮೇಲೂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: ನಾನೆಲ್ಲಿದ್ದೀನಿ, ಏನಾಯ್ತು. ಉತ್ತರ ಹೇಳಿದ ಮೂರು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಏನು ಕಂಡೆ ಅಂತ ನಾಲ್ಕು ಜನ ಸುತ್ತ ನಿಂತು ಕಾಯುತ್ತಿದ್ದಾರೆ, ಅವನಿಗೆ ಆಟ ಆಡಿದ್ದೇ ನೆನಪಿಲ್ಲ. ಯಾವ ದೆವ್ವಕ್ಕೂ ಕಮ್ಮಿಯಿಲ್ಲದ ದೃಶ್ಯ ಇದು.

ಹೃದಯ ನಿಂತು ಬಹಳ ಹೊತ್ತಿನ ಮೇಲೆ ಬದುಕಿದವರೂ ಇದ್ದಾರಲ್ಲ ಅಂತ ನೀವು ಕೇಳಬಹುದು. ಇದ್ದಾರೆ. ಆನ್ನಾ ಬೋಗೆನ್‌ಹೋಮ್ ಅನ್ನುವ ಸ್ವೀಡನ್ನಿನ ಯುವ ವೈದ್ಯೆ 1999ರಲ್ಲಿ ನಾರ್ವೆಯಲ್ಲಿ ಹಿಮದ ಮೇಲೆ ಜಾರುತ್ತಾ ಹೋಗಿ ಹೆಪ್ಪುಗಟ್ಟಿದ ತೊರೆಯ ಕೆಳಗೆ ಸಿಕ್ಕಿಕೊಂಡರು. 80 ನಿಮಿಷ ಅಲ್ಲೇ ಇದ್ದರು. ಹೊರಗೆ ತೆಗೆದಾಗ ಮೈ ಬಿಸಿ 13.7 ಡಿಗ್ರಿಗೆ ಇಳಿದಿತ್ತು. ಬದುಕಿದರು, ಮತ್ತೆ ಡಾಕ್ಟರ್ ಕೆಲಸಕ್ಕೇ ಹೋದರು. ಹೃದಯ ನಿಲ್ಲುವ ಮೊದಲೇ ಮಿದುಳು ತಣ್ಣಗಾಗಿತ್ತು, ಅದು ಅವರನ್ನು ಉಳಿಸಿತು. ಬಳ್ಳಾರಿಯ ಮೇ ತಿಂಗಳ ರಾತ್ರಿಯಲ್ಲಿ ಗೋಡೆ ಮುಟ್ಟಿದರೂ ಬಿಸಿ ಇರುತ್ತದೆ. ನಿಮ್ಮ ಹುಡುಗರಿಗೆ ಆ ತಣ್ಣನೆಯ ಉಪಕಾರ ಇಲ್ಲ.

ಸಾವಿನ ಆಚೆ ಏನೋ ಕಾಣುತ್ತದೆ ಅನ್ನುವುದರ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯ ಪಿಮ್ ಫಾನ್ ಲೊಮ್ಮೆಲ್ ಮತ್ತು ಜೊತೆಗಾರರು, ಹೃದಯ ನಿಂತು ಬದುಕಿ ಬಂದ 344 ಜನರನ್ನು ಕೇಳಿ ದಾಖಲಿಸಿದರು. ಬೆಳಕು, ಸುರಂಗ, ತೀರಿಕೊಂಡ ನಂಟರು, ಹೀಗೆ ಏನಾದರೂ ಕಂಡೆ ಅಂದವರು 62 ಜನ. ನೂರಕ್ಕೆ 18. ಉಳಿದ 282 ಜನರ ನೆನಪಿನಲ್ಲಿ ಏನೂ ಇರಲಿಲ್ಲ.

ಇದನ್ನು ನಿಮ್ಮ ಕಥೆಗೆ ಇಟ್ಟು ನೋಡಿ. ಮೊದಲನೆಯವನು ಹೋಗಿ ಬರುತ್ತಾನೆ. ಅವನಿಗೆ ಏನೂ ಕಂಡಿಲ್ಲ. ಸುತ್ತ ನಾಲ್ಕು ಮುಖ ಕಾಯುತ್ತಿವೆ. ಕಂಡೆ ಅನ್ನುತ್ತಾನೆ. ಅಜ್ಜಿ ಕರೆದಳು ಅನ್ನುತ್ತಾನೆ. ಎರಡನೆಯವನು ಹೋಗುತ್ತಾನೆ. ಅವನಿಗೂ ಏನೂ ಇಲ್ಲ. ನನಗೊಬ್ಬನಿಗೇ ಏನೂ ಕಾಣಲಿಲ್ಲ ಅಂದರೆ ಏನು ತಿಳಿದುಕೊಳ್ಳುತ್ತಾರೋ ಅಂತ ಅವನೂ ಕಂಡೆ ಅನ್ನುತ್ತಾನೆ. ಮೂರನೆಯವನು ಹೋಗುವುದು ಈ ಎರಡು ಸುಳ್ಳು ನಂಬಿ. ನಿಮ್ಮ ಕರಡಿನಲ್ಲಿ ಸತ್ತವರ ಆತ್ಮ ಹುಡುಗರ ಬೆನ್ನು ಹತ್ತುತ್ತದೋ ಏನೋ ಗೊತ್ತಿಲ್ಲ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಆ ಇಬ್ಬರು ತಮ್ಮ ಸುಳ್ಳಿನ ಜೊತೆ ಬದುಕುವುದೇ ಸಾಕು.

ಈಗ ಪೋಸ್ಟ್‌ಮಾರ್ಟಂನಲ್ಲಿ ಸಿಗದ ಔಷಧಿ. ಆ ಹೆಸರು ನಾನು ಹೇಳುವುದಿಲ್ಲ. ನಿಮ್ಮ ಮೇಲೆ ಅನುಮಾನ ಇಲ್ಲ. ಅಚ್ಚಾದ ಪುಸ್ತಕ ಯಾರ ಕೈಗೆ ಹೋಗುತ್ತದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಥೆಗೆ ಅದು ಬೇಕಾಗಿಯೂ ಇಲ್ಲ. "ಬಿಳಿ ಮುಚ್ಚಳದ ಸಣ್ಣ ಬಾಟಲಿ" ಅಂದರೆ ಸಾಕು. ಸಿಕ್ಕಿಬೀಳುವುದು ಔಷಧಿಯಿಂದಲೇ ಅನ್ನುವುದೂ ತಪ್ಪು ತಿಳಿವಳಿಕೆ. ನನ್ನ ಅನುಭವದಲ್ಲಿ ಹೆಣಕ್ಕಿಂತ ಹೆಣದ ಸುತ್ತಲಿನ ವಸ್ತುಗಳು ಜಾಸ್ತಿ ಮಾತಾಡುತ್ತವೆ.

ಕ್ಯಾಶುವಾಲ್ಟಿಯ ಎಮರ್ಜೆನ್ಸಿ ಟ್ರಾಲಿ ತಗೊಳ್ಳಿ. ಪ್ರತಿ ಶಿಫ್ಟ್ ಬದಲಾಗುವಾಗ ಹೋಗುವ ಸಿಸ್ಟರ್ ಬರುವ ಸಿಸ್ಟರ್‌ಗೆ ಅದನ್ನು ಎಣಿಸಿ ಒಪ್ಪಿಸುತ್ತಾರೆ. ಯಾವ ಇಂಜೆಕ್ಷನ್ ಎಷ್ಟಿದೆ, ಶಾಕ್ ಕೊಡುವ ಮೆಷಿನ್ ಚಾರ್ಜ್ ಆಗಿದೆಯಾ, ಎಲ್ಲಾ ರಿಜಿಸ್ಟರ್‌ನಲ್ಲಿ ಬರೆದು ಸಹಿ ಹಾಕುತ್ತಾರೆ. ಬೆಳಿಗ್ಗೆ ಎಂಟಕ್ಕೆ ಒಂದು ಆಂಪ್ಯೂಲ್, ಅಂದರೆ ಇಂಜೆಕ್ಷನ್ನಿನ ಸಣ್ಣ ಗಾಜಿನ ಸೀಸೆ, ಕಮ್ಮಿ ಬಂದರೆ ಆ ಸಿಸ್ಟರ್‌ಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿಮ್ಮ ಕಥೆಯ ಪತ್ತೇದಾರಿ ಪೊಲೀಸ್ ಆಗಲೇಬೇಕು ಅಂತೇನಿಲ್ಲ. ಒಂದು ಆಂಪ್ಯೂಲಿಗಾಗಿ ಮೂರು ದಿನ ರಿಜಿಸ್ಟರ್ ತಿರುವಿ ಹಾಕುವ ಐವತ್ತು ವಯಸ್ಸಿನ ಸಿಸ್ಟರ್ ಆದರೆ ಇನ್ನೂ ಚೆನ್ನ.

ಇನ್ನು ದೇಹ ಹೇಳುವುದು. ಸೂಜಿ ಚುಚ್ಚಿದ ಜಾಗ ಕಂಡರೆ ಅಲ್ಲಿನ ಚರ್ಮ, ಅದರ ಕೆಳಗಿನ ಮಾಂಸ ಕೊಯ್ದು ತೆಗೆಯುತ್ತೇವೆ. ಹೋಲಿಸಿ ನೋಡಲು ಇನ್ನೊಂದು ಬದಿಯಿಂದಲೂ ಅಷ್ಟೇ ತೆಗೆಯುತ್ತೇವೆ. ಹೊಟ್ಟೆ, ಕರುಳು, ಲಿವರ್, ಕಿಡ್ನಿಯ ತುಂಡುಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ, ರಕ್ತದ ಜೊತೆ ಸೀಲ್ ಮಾಡಿ ಎಫ್‌ಎಸ್‌ಎಲ್‌ಗೆ, ಅಂದರೆ ಅಪರಾಧ ಪತ್ತೆಯ ಸರ್ಕಾರಿ ಲ್ಯಾಬಿಗೆ, ಕಳಿಸುತ್ತೇವೆ. ಹೌದು, ಅಡುಗೆಮನೆಯ ಉಪ್ಪೇ, ನೀರಿಗೆ ಇನ್ನು ಕರಗದು ಅನ್ನುವಷ್ಟು ಹಾಕಿದ್ದು. ಎದೆಯ ಎಲುಬು ಮುರಿದಿದ್ದರೆ ಯಾರೋ ಒತ್ತಿದ್ದಾರೆ ಅಂತ ತಿಳಿಯುತ್ತದೆ. ಒತ್ತಿದವರು ಯಾರು, ಆಮೇಲೆ ಯಾಕೆ ಬಿಟ್ಟು ಹೋದರು ಅನ್ನುವ ಪ್ರಶ್ನೆ ಅಲ್ಲೇ ಏಳುತ್ತದೆ.

ಹೆಣದ ಕಲೆ ಅಂತ ಒಂದಿದೆ. ರಕ್ತ ಹರಿಯುವುದು ನಿಂತ ಮೇಲೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಅಂಗಾತ ಮಲಗಿದ್ದರೆ ಬೆನ್ನು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವು ಗಂಟೆ ಕಳೆದರೆ ಆ ಕಲೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ಹುಡುಗರು ಗಾಬರಿಯಲ್ಲಿ ಬೆಳಗಿನ ಜಾವ ದೇಹವನ್ನು ಹಾಲ್‌ನಿಂದ ಹಾಸ್ಟೆಲಿಗೆ ಹೊತ್ತು ತಂದು ಮಂಚದ ಮೇಲೆ ಬೋರಲು ಮಲಗಿಸಿದರೆ, ಕಲೆ ಬೆನ್ನಿನ ಮೇಲೇ ಇರುತ್ತದೆ. ಬೆನ್ನು ಮೇಲಿದೆ, ರಕ್ತವೂ ಮೇಲಿದೆ. ಅದನ್ನು ನೋಡಲು ಯಾವ ಲ್ಯಾಬೂ ಬೇಡ.

ನಮ್ಮ ಕಡೆಯ ಬಿಸಿಲಿನ ಒಂದು ವಿಷಯ ಮಾತ್ರ ಬಿಡಬೇಡಿ. ಕಥೆಗಳಲ್ಲಿ ಕೈ ಮುಟ್ಟಿದ, ತಣ್ಣಗಿತ್ತು ಅಂತ ಬರೆಯುತ್ತಾರೆ ಅಲ್ವಾ? ಜೀವಂತ ಮೈಯ ಬಿಸಿ 37 ಡಿಗ್ರಿ. ಬಳ್ಳಾರಿ, ರಾಯಚೂರಿನ ಬೇಸಿಗೆ ಮಧ್ಯಾಹ್ನ 40 ದಾಟುತ್ತದೆ. ಶೀಟಿನ ರೂಮಿನಲ್ಲಿ ಇನ್ನೂ ಜಾಸ್ತಿ. ಅಂಥ ಕೋಣೆಯಲ್ಲಿ ದೇಹ ತಣ್ಣಗಾಗುವುದೇ ಇಲ್ಲ. ಕೆಲವೊಮ್ಮೆ ಇನ್ನೂ ಬಿಸಿಯೇರುತ್ತದೆ. ಮೈ ಬಿಸಿ ನೋಡಿ ಸತ್ತ ಹೊತ್ತು ಹೇಳುವ ಪಾಠ, ಚಳಿ ದೇಶದ ಪುಸ್ತಕದಲ್ಲಿ ಇದ್ದದ್ದು, ಇಲ್ಲಿ ಕೈಕೊಡುತ್ತದೆ. ಮಧ್ಯಾಹ್ನ ರೂಮಿಗೆ ಬಂದ ಗೆಳೆಯ ಭುಜ ಅಲುಗಿಸುತ್ತಾನೆ. ಮೈ ಬೆಚ್ಚಗಿದೆ. ರಾತ್ರಿಯೆಲ್ಲ ಓದಿ ಮಲಗಿದ್ದಾನೆ ಅಂತ ಫ್ಯಾನ್ ಹಾಕಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋಗುತ್ತಾನೆ. ಇದು ಬಳ್ಳಾರಿಯಲ್ಲಿ ಮಾತ್ರ ಬರೆಯಬಹುದಾದ ಭಯ.

ಕಾನೂನಿನ ಕಡೆಯಿಂದ ಒಂದು ಎಳೆ. ಇಂಥ ಸಾವು ಬಂದರೆ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಹಾಕುತ್ತಾರೆ, ಪಂಚನಾಮೆ ಮಾಡುತ್ತಾರೆ. ಮೊದಲು ಅದಕ್ಕೆ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯ ಸೆಕ್ಷನ್, ಸಿಆರ್‌ಪಿಸಿ 174 ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಹೊಸ ಸಂಹಿತೆಯ ಬಿಎನ್‌ಎಸ್‌ಎಸ್ 194. ಹಳೇ ನಂಬರ್ ಬರೆದರೆ ವಕೀಲರು ಹಿಡಿಯುತ್ತಾರೆ. ಸತ್ತವನೇ ಒಪ್ಪಿದ್ದನಲ್ಲ ಅಂತ ನಿಮ್ಮ ಹುಡುಗರು ವಾದ ಮಾಡಬಹುದು. ಜೀವ ಹೋಗಬಹುದು ಅಂತ ಗೊತ್ತಿರುವ ಕೆಲಸಕ್ಕೆ ಒಪ್ಪಿಗೆ ರಕ್ಷಣೆ ಕೊಡುವುದಿಲ್ಲ. 18 ದಾಟಿದವನು ತಾನೇ ಒಪ್ಪಿ ಸಾವಿನ ಅಪಾಯ ತಂದುಕೊಂಡಿದ್ದರೆ ಅದು ಕೊಲೆಯ ಲೆಕ್ಕದಿಂದ ಒಂದು ಮೆಟ್ಟಿಲು ಇಳಿಯಬಹುದು, ಅಷ್ಟೇ. ಅಪರಾಧ ಉಳಿದೇ ಉಳಿಯುತ್ತದೆ. ಮೊದಲ ವರ್ಷದ ಎಂಬಿಬಿಎಸ್‌ಗೆ 17ರ ಮಕ್ಕಳೂ ಸೇರುತ್ತಾರೆ. ನಿಮ್ಮ ಮೂರನೆಯ ಹುಡುಗನಿಗೆ 18 ತುಂಬಲು ಇನ್ನು ಮೂರು ವಾರ ಇತ್ತು ಅನ್ನಿ. ಆ ಒಂದು ಮೆಟ್ಟಿಲೂ ಉಳಿದವರಿಗೆ ಇಲ್ಲ.

ಇದರಿಂದ ಇನ್ನೊಂದು ಅನುಕೂಲ ಇದೆ. ಡಿಸೆಕ್ಷನ್ ಹಾಲ್ ಮೊದಲ ವರ್ಷದವರ ಜಾಗ. ಇಂಜೆಕ್ಷನ್ನು, ಶಾಕ್ ಮೆಷಿನ್ನು ಮುಟ್ಟಿ ಗೊತ್ತಿರುವುದು ಕೊನೇ ವರ್ಷದವರಿಗೆ, ಇಂಟರ್ನ್‌ಗಳಿಗೆ. ನಿಮ್ಮ ಐದು ಜನ ಒಂದೇ ಬ್ಯಾಚ್ ಆಗಿದ್ದರೆ ಒಂದು ಕಡೆ ಸುಳ್ಳಾಗುತ್ತದೆ. ಮೂರು ಜನ ಸೀನಿಯರ್, ಇಬ್ಬರು ಜೂನಿಯರ್ ಮಾಡಿ. ಆಗ ಬೇರೆಯದೇ ಕಥೆ ಶುರುವಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಲ್ ಹೇಗಿರುತ್ತದೆ ಅಂದಿರಿ. ಮೊದಲು ಬರುವುದು ವಾಸನೆ, ದೇಹ ಕೆಡದಂತೆ ಹಾಕುವ ಫಾರ್ಮಲಿನ್‌ದು. ಕೊಳೆತ ವಾಸನೆ ಅಲ್ಲವೇ ಅಲ್ಲ. ಈರುಳ್ಳಿ ಹೆಚ್ಚಿದ ಹಾಗೆ ಕಣ್ಣು ಉರಿಯುತ್ತದೆ, ಮೂಗಿನ ಮೇಲ್ಭಾಗಕ್ಕೆ ಚುಚ್ಚುತ್ತದೆ. ಕಿಟಕಿ ಮುಚ್ಚಿದ ಹಾಲ್‌ನಲ್ಲಿ ರಾತ್ರಿಯೆಲ್ಲ ಕೂರಲು ಆಗುವುದಿಲ್ಲ, ಕಣ್ಣೀರು ಸುರಿಯುತ್ತದೆ. ಉದ್ದನೆಯ ಟೇಬಲ್‌ಗಳು, ಮೇಲೆ ಬಟ್ಟೆ ಇಲ್ಲವೇ ಪ್ಲಾಸ್ಟಿಕ್ ಹಾಳೆ ಹೊದಿಸಿದ ದೇಹಗಳು, ಕೆಳಗೆ ಬಕೆಟ್. ದೇಹದ ಬಣ್ಣ ಬಿಳಿಯಲ್ಲ, ನೆನೆದ ತೊಗಲಿನಂಥ ಕಂದು. ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರ, ಗೋಡೆಗೆ ಬೋರ್ಡು, ಬೋರ್ಡಿನ ಮೇಲೆ ನಿನ್ನೆಯ ಕೈಯ ನರಗಳ ಚಿತ್ರ ಅರ್ಧ ಅಳಿಸಿದ್ದು. ಮೊದಲ ವಾರ ಹುಡುಗರು ಎಷ್ಟು ಸೋಪು ಹಾಕಿ ತೊಳೆದರೂ ಬೆರಳಿಂದ ವಾಸನೆ ಹೋಗುವುದಿಲ್ಲ. ನಾನು ಮೊದಲ ಒಂದು ತಿಂಗಳು ಒಗ್ಗರಣೆ ಮಂಡಕ್ಕಿಯನ್ನು ಸ್ಪೂನ್‌ನಲ್ಲೇ ತಿಂದೆ. ಮಿರ್ಚಿ ಹಿಡಿಯಲು ಕಾಗದ.

ಈ ದೇಹಗಳು ಎಲ್ಲಿಂದ ಬರುತ್ತವೆ ಅನ್ನುವುದನ್ನೂ ಗೌರವದಿಂದ ಬರೆಯಿರಿ. ನಮ್ಮ ರಾಜ್ಯದಲ್ಲಿ ಇದಕ್ಕೆ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರಿಲ್ಲದವರ ದೇಹ ಬರುತ್ತದೆ, ಬದುಕಿದ್ದಾಗಲೇ ದೇಹದಾನ ಬರೆದಿಟ್ಟವರದೂ ಬರುತ್ತದೆ. ಈಗ ಮೊದಲ ವರ್ಷದವರು ದೇಹದ ಮುಂದೆ ನಿಂತು ಪ್ರತಿಜ್ಞೆ ಮಾಡಿ ಪಾಠ ಶುರು ಮಾಡುತ್ತಾರೆ. ಹೆಣ ಎದ್ದು ಕೂರುವ ದೃಶ್ಯ ಬೇಡ ಅನ್ನುವುದು ಈ ಕಾರಣಕ್ಕೂ ಹೌದು. ತನ್ನ ಮೈಯನ್ನೇ ಪಾಠಕ್ಕೆ ಕೊಟ್ಟ ಮನುಷ್ಯನನ್ನು ಪಿಶಾಚಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಪ್ರತಿ ಕಾಲೇಜಿನಲ್ಲೂ ಒಂದು ಕಥೆ ಇರುತ್ತದೆ. ಪಂಥ ಕಟ್ಟಿ ರಾತ್ರಿ ಹಾಲ್‌ಗೆ ಹೋದ ಹುಡುಗ, ಬಂದದ್ದಕ್ಕೆ ಗುರುತಾಗಿ ಟೇಬಲ್‌ಗೆ ಮೊಳೆ ಹೊಡೆದ. ಕತ್ತಲಲ್ಲಿ ತನ್ನ ಏಪ್ರನ್ ಸೇರಿಸಿಯೇ ಹೊಡೆದಿದ್ದ. ತಿರುಗಿ ಹೊರಟಾಗ ಹಿಂದಿನಿಂದ ಯಾರೋ ಎಳೆದ ಹಾಗಾಗಿ ಎದೆಯೊಡೆದು ಸತ್ತ. ಇದು ನಡೆದದ್ದು ನಮ್ಮ ಕಾಲೇಜಿನಲ್ಲೇ ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮೂರಿನಲ್ಲಿ ನಮ್ಮಜ್ಜಿ ಇದನ್ನೇ ಸ್ಮಶಾನದ ಕಥೆಯಾಗಿ ಹೇಳುತ್ತಿದ್ದರು. ಅಮಾವಾಸ್ಯೆ ರಾತ್ರಿ, ಗೂಟ, ಧೋತರದ ಚುಂಗು. ಹಳೇ ಕಥೆ. ಆದರೆ ಅದರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಪಂಥ ಕಟ್ಟಿದವರು ಆ ಹೊತ್ತಿಗೆ ಎಲ್ಲಿದ್ದರು?

ಇಲ್ಲಿಂದ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ.

ಡಾಕ್ಟರುಗಳು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡದ್ದು ಹೊಸದಲ್ಲ. 1885ರಲ್ಲಿ ಪೆರು ದೇಶದ ವೈದ್ಯ ವಿದ್ಯಾರ್ಥಿ ಡೇನಿಯಲ್ ಕರಿಯೋನ್ ಒಬ್ಬ ರೋಗಿಯ ಗುಳ್ಳೆಯ ರಕ್ತವನ್ನು ತನ್ನ ತೋಳಿಗೆ ಹಾಕಿಸಿಕೊಂಡ. ತನ್ನ ಕೈಯಿಂದ ತಾನೇ ಚುಚ್ಚಿಕೊಳ್ಳಲು ಆಗದೆ ಒದ್ದಾಡಿದಾಗ ಅಲ್ಲಿದ್ದ ವೈದ್ಯನೊಬ್ಬ ನೆರವಾದ. ಆಗಸ್ಟ್ 27ಕ್ಕೆ ಚುಚ್ಚಿದ್ದು, ಅಕ್ಟೋಬರ್ 5ಕ್ಕೆ ತೀರಿಕೊಂಡ. ಬರೆಯಲು ಆಗುವ ತನಕ ತನ್ನ ಲಕ್ಷಣಗಳನ್ನು ತಾನೇ ಬರೆದ, ಆಮೇಲೆ ಗೆಳೆಯರು ಬರೆದರು. ಆ ದಿನವನ್ನು ಪೆರುವಿನಲ್ಲಿ ಇಂದಿಗೂ ವೈದ್ಯಕೀಯ ದಿನವಾಗಿ ನೆನೆಯುತ್ತಾರೆ. ಎಲ್ಲರೂ ಕರಿಯೋನ್ ಕಥೆ ಹೇಳುತ್ತಾರೆ. ನನಗೆ ಮಾತ್ರ ನೆರವಾದ ಆ ಕೈಯದೇ ಯೋಚನೆ. ಬೇಡ ಅನ್ನಲು ಅದಕ್ಕೆ ಎಷ್ಟು ಹೊತ್ತು ಸಿಕ್ಕಿತ್ತು?

ನಿಜವಾದ ಆಟವೂ ಇತ್ತು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಈಥರ್ ಮೂಸಿ ತೂರಾಡುವುದು ಹುಡುಗರ ಮೋಜು. ಹಾಗೆ ಮೂಸಿ ಬಿದ್ದವರಿಗೆ ಪೆಟ್ಟಾದರೂ ನೋವು ಗೊತ್ತಾಗುತ್ತಿರಲಿಲ್ಲ ಅನ್ನುವುದನ್ನು ಕ್ರಾಫರ್ಡ್ ಲಾಂಗ್ ಅನ್ನುವ ವೈದ್ಯ ಗಮನಿಸಿದ. 1842ರ ಮಾರ್ಚ್ 30ಕ್ಕೆ ಈಥರ್ ಕೊಟ್ಟು ಒಬ್ಬನ ಕುತ್ತಿಗೆಯ ಗಂಟು ತೆಗೆದ. ನಿಮ್ಮ ಕಥೆಯ ಹಿರಿಯ ವಿದ್ಯಾರ್ಥಿ ಇಂಥ ಕಥೆಗಳನ್ನೇ ಹೇಳಿ ಉಳಿದವರನ್ನು ಒಪ್ಪಿಸುತ್ತಾನೆ. ದೊಡ್ಡದೆಲ್ಲ ಹುಚ್ಚಾಟದಿಂದಲೇ ಬಂದದ್ದು ಅನ್ನುತ್ತಾನೆ. ಅರ್ಧ ನಿಜ ಇರುವುದರಿಂದಲೇ ಆ ಮಾತಿಗೆ ಅಷ್ಟು ಬಲ.

ಇನ್ನೊಂದು 1828ರದು, ಎಡಿನ್‌ಬರೊ. ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು 16 ಜನರನ್ನು ಕೊಂದು, ದೇಹಗಳನ್ನು ರಾಬರ್ಟ್ ನಾಕ್ಸ್ ಅನ್ನುವ ಅನಾಟಮಿ ಮೇಷ್ಟರಿಗೆ ಮಾರಿದರು. ಅದರಲ್ಲೊಬ್ಬ ಜೇಮಿ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಹುಡುಗ. ಬಟ್ಟೆ ಸರಿಸಿದಾಗ ವಿದ್ಯಾರ್ಥಿಗಳು ಗುರುತು ಹಿಡಿದರು. ಅವನಲ್ಲ ಅಂದ ಮೇಷ್ಟರು. ಪಾಠ ಮುಂದುವರೆಯಿತು. ಬರ್ಕ್‌ನನ್ನು ಮುಂದಿನ ಜನವರಿಯಲ್ಲಿ ಗಲ್ಲಿಗೇರಿಸಿದರು. ಅವನ ಅಸ್ಥಿಪಂಜರ ಅಲ್ಲಿನ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಈಗಲೂ ನಿಂತಿದೆ. ಮೇಷ್ಟರ ಮೇಲೆ ಕೇಸೂ ಆಗಲಿಲ್ಲ. ಆ ದಿನ ಟೇಬಲ್ ಸುತ್ತ ನಿಂತು, ಮುಖ ಗುರುತು ಹಿಡಿದು, ಮತ್ತೆ ಕತ್ತರಿ ಕೈಗೆ ತಗೊಂಡ ಹುಡುಗರ ಹೆಸರು ಯಾರಿಗೂ ಬೇಕಾಗಲಿಲ್ಲ. ನಿಮ್ಮ ಪಾತ್ರಗಳು ಅವರೇ.

ನನಗೂ ಆ ಗುಂಪಿನಲ್ಲಿ ಜಾಗ ಇದೆ. ಮೊದಲ ವರ್ಷ. ಸಿಂಧನೂರು ಕಡೆಯ ಒಬ್ಬ ಹುಡುಗ ನನ್ನ ರೂಮ್‌ಮೇಟ್. ಒಂದು ರಾತ್ರಿ ಊಟ ಆದ ಮೇಲೆ ಸೀನಿಯರ್‌ಗಳು ನಮ್ಮಿಬ್ಬರನ್ನೂ ಕರೆದರು. ಅವನಿಗೆ "ಹೋಗಲೇ, ಅಜ್ಜಗ ನಮಸ್ಕಾರ ಹೇಳಿ ಬಾ" ಅಂದರು. ಮೂರನೇ ಟೇಬಲ್ ಮೇಲಿದ್ದ ದೇಹವನ್ನು ಅಜ್ಜ ಅನ್ನುತ್ತಿದ್ದರು. ನನ್ನ ಕೈಗೆ ಟಾರ್ಚ್ ಕೊಟ್ಟರು. ಅವನು ಒಳಗೆ ಹೋದ ಕೂಡಲೇ ಹೊರಗಿನಿಂದ ಚಿಲಕ ಹಾಕಿದರು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು, ಆ ಕಾಲದಲ್ಲಿ ದಿನಾ ಹೋಗುತ್ತಿತ್ತು. ಒಳಗಿನಿಂದ ಎರಡು ಸಲ ಬಾಗಿಲು ಬಡಿದ ಸದ್ದು. ಆಮೇಲೆ ಸದ್ದಿಲ್ಲ. ಹೊರಗೆ ಎಲ್ಲರೂ ನಗುತ್ತಿದ್ದರು. ಟಾರ್ಚ್ ನನ್ನ ಕೈಯಲ್ಲೇ ಇತ್ತು. ನಾನೂ ನಕ್ಕೆ. ಅರ್ಧ ಗಂಟೆ ಆದ ಮೇಲೆ ತೆಗೆದರು. ಅವನು ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದು ಸುಮ್ನೆ ರೂಮಿಗೆ ನಡೆದ. ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಹೆದರಿದ್ದಾನೆ, ಅದಕ್ಕೇ ನಾಚಿಕೆ ಅಂದುಕೊಂಡೆ.

ಇಪ್ಪತ್ತು ವರ್ಷ ಆದ ಮೇಲೆ ಅವನ ತಮ್ಮನ ಮದುವೆಗೆ ಸಿಂಧನೂರಿಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ. ಅವನೇ ಆ ಮಾತು ತೆಗೆದ. "ಒಳಗಿದ್ದ ಅಜ್ಜ ನನಗೇನೂ ಮಾಡ್ಲಿಲ್ಲೋ. ಟೇಬಲ್ಲಿಗೆ ಆತು ಕುಂತಿದ್ದೆ. ಹೊರಗ ನಗೋರ ಒಳಗ ನಿನ್ನ ದನಿ ಗುರ್ತು ಹಿಡದೆ" ಅಂದ. ಆಮೇಲೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.

ಓದಿದವರು ಯಾಕೆ ಒಪ್ಪುತ್ತಾರೆ ಅಂತ ನೀವು ಕೇಳಿದಿರಿ. ಒಪ್ಪುವುದಿಲ್ಲ. ಬೇಡ ಅನ್ನುವುದಕ್ಕೆ ಒಂದು ಕ್ಷಣ ಸಿಗುತ್ತದೆ, ಅದನ್ನು ನಗುತ್ತಾ ಕಳೆದುಬಿಡುತ್ತಾರೆ. ಸೀನಿಯರ್ ಅಂದರೆ ನಾಳೆ ವಾರ್ಡಿನಲ್ಲಿ ಕೈಹಿಡಿದು ಕಲಿಸುವವನು, ನೋಟ್ಸ್ ಕೊಡುವವನು. ಜೂನಿಯರ್ ಅಂದರೆ ಮನೆಯಲ್ಲಿ ಜೀನ್ಸ್ ಹೊಲಿದು, ಸಾಲ ಮಾಡಿ, ನೀಟ್ ಕೋಚಿಂಗ್ ಕೊಡಿಸಿದ ಅಪ್ಪನ ಮಗ. ವಾಪಸ್ ಹೋಗಲು ಅವನಿಗೆ ಊರಿಲ್ಲ. ಮೊದಲ ರಾತ್ರಿ ಕೇಳುವುದು ಹೃದಯ ಅಲ್ಲ. ನಿಂತು ಹೆಸರು ಹೇಳು ಅನ್ನುತ್ತಾರೆ. ಆಮೇಲೆ ಅಜ್ಜನಿಗೆ ನಮಸ್ಕಾರ. ಆಮೇಲೆ ಬರೀ ಕಾವಲು ನಿಲ್ಲು ಅನ್ನುತ್ತಾರೆ. ಹೃದಯದ ಸರದಿ ಬರುವ ಹೊತ್ತಿಗೆ ಬೇಡ ಅನ್ನುವ ಅಭ್ಯಾಸವೇ ತಪ್ಪಿರುತ್ತದೆ.

ಇದು ಕಲ್ಪನೆ ಅಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಗುಜರಾತಿನ ಪಾಟನ್ ಹತ್ತಿರದ ಒಂದು ಮೆಡಿಕಲ್ ಕಾಲೇಜಿನಲ್ಲಿ 18 ವರ್ಷದ ಮೊದಲ ವರ್ಷದ ಹುಡುಗ ತೀರಿಕೊಂಡ. ಪರಿಚಯ ಮಾಡಿಕೊಳ್ಳುವ ನೆಪದಲ್ಲಿ ಸೀನಿಯರ್‌ಗಳು ಮೂರು ಗಂಟೆಗೂ ಜಾಸ್ತಿ ಹೊತ್ತು ನಿಲ್ಲಿಸಿದ್ದರು ಅನ್ನುವುದು ಆರೋಪ. 15 ವಿದ್ಯಾರ್ಥಿಗಳ ಮೇಲೆ ಕೇಸಾಯಿತು. ಸೂಜಿ ಇಲ್ಲ, ಶಾಕ್ ಇಲ್ಲ, ಬರೀ ನಿಲ್ಲುವುದು. ರ‍್ಯಾಗಿಂಗ್ ತಡೆಗೆ 2009ರಲ್ಲಿ ಯುಜಿಸಿ ನಿಯಮ ಬಂತು, 2021ರಲ್ಲಿ ವೈದ್ಯಕೀಯ ಆಯೋಗದ ಬೇರೆ ನಿಯಮವೇ ಬಂತು. 1800-180-5522 ಅನ್ನುವ ಸಹಾಯವಾಣಿ ಹಗಲೂ ರಾತ್ರಿ ಇದೆ. ನಿಮ್ಮ ಕಥೆಯ ನೋಟಿಸ್ ಬೋರ್ಡಿನಲ್ಲಿ ಈ ನಂಬರ್ ಬರೆಯಿರಿ. ನಿಜವಾದ ನಂಬರ್ ಇರಲಿ. ಓದುವ ಹುಡುಗರಲ್ಲಿ ಒಬ್ಬನಿಗಾದರೂ ಬೇಕಾಗಬಹುದು.

ಹಾಲ್ ನೋಡಬೇಕು ಅನ್ನಿಸಿದರೆ ರಾತ್ರಿ ಕಳ್ಳತನದಲ್ಲಿ ಹೋಗುವ ಯೋಚನೆ ಮಾಡಬೇಡಿ. ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜು ಇದೆ, ರಾಯಚೂರಿನಲ್ಲಿದೆ, ನಿಮ್ಮ ಕೊಪ್ಪಳದಲ್ಲೂ ಇದೆ. ಪ್ರಿನ್ಸಿಪಾಲರಿಗೆ ಪತ್ರ ಬರೆದು, ಅನಾಟಮಿ ವಿಭಾಗದ ಮ್ಯೂಸಿಯಂ ನೋಡಲು ಒಪ್ಪಿಗೆ ಕೇಳಿ. ಬೆಳಿಗ್ಗೆ ಹೋಗಿ. ಅಲ್ಲಿನ ಅಟೆಂಡರ್ ಜೊತೆ ಒಂದು ಗಂಟೆ ಕೂತು ಮಾತಾಡಿ. ಪ್ರೊಫೆಸರ್‌ಗಳಿಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ. ಯಾವ ದೇಹ ಯಾವ ವರ್ಷ ಬಂತು, ಯಾರ ಮನೆಯವರು ಬಂದು ಅತ್ತು ಹೋದರು, ಎಲ್ಲಾ ಬಾಯಲ್ಲೇ ಇರುತ್ತದೆ. ಸಂಜೆ ಬೀಗ ಹಾಕಿ ಕೀ ಎಲ್ಲಿಡುತ್ತಾರೆ ಅಂತ ಕೇಳಿ ನೋಡಿ, ಹೇಳುವುದಿಲ್ಲ. ನೀವು ಹೇಳಿದ ಕಥೆಯಲ್ಲಿ ಆ ಕೀ ಹುಡುಗರ ಕೈಗೆ ಹೇಗೆ ಬಂತು ಅನ್ನುವುದು ಇಲ್ಲ. ಅದನ್ನು ಕೊಟ್ಟವರು ಯಾರು, ಕೊಡುವಾಗ ಏನು ಹೇಳಿಕೊಂಡರು ಅಂತ ಮೊದಲು ಬರೆಯಿರಿ. ಆ ಅಧ್ಯಾಯ ಮುಗಿದ ಮೇಲೆ ಕಳಿಸಿ, ಓದುತ್ತೇನೆ.